ದೊರೆಗಳ ಅಡ್ಡಹೆಸರು, ನಮ್ಮ ಹೆಸರು

(ಪುಣೆಯ ಶಿವಾಜಿನಗರದಲ್ಲಿ ನಮ್ಮ ಸಂಘದ ರವಿವಾರದ ಸಭೆಯಲ್ಲಿ ಮಾಡಿದ ಭಾಷಣ)



ಕಾರ್ಮಿಕರ ಸಭೆಯೆಂದರೆ ಪಗಾರ, ರಜೆ, ಬೋನಸ್ಸುಗಳ ಮಾತಿರಬೇಕು. ಹಳೆಯ ನಾಣ್ಯಗಳ ಮಾತು ಇಲ್ಲೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿದ್ದರೆ ಅದು ಸಹಜವೇ. ಕೈಯಲ್ಲಿರುವ ಹೊಸ ನಾಣ್ಯವೇ ತಿಂಗಳ ಇಪ್ಪತ್ತಕ್ಕೆ ಮುಗಿಯುತ್ತದೆ, ಇನ್ನು ಹಳೆಯದನ್ನು ಎಲ್ಲಿಂದ ಕೂಡಿಡೋಣ ಎಂದು ಒಬ್ಬ ಗೆಳೆಯರು ಈಗತಾನೇ ಬಾಗಿಲಲ್ಲಿ ಕೇಳಿದರು. ಅವರಿಗೂ ಉತ್ತರ ಸಿಗುವಂತೆ ನಾವು ಮಾತಾಡಲು ಯತ್ನಿಸುತ್ತೇವೆ. ನಾವು ಪಂಡಿತರಲ್ಲ. ಏಳನೇ ಇಯತ್ತೆಯ ತನಕ ಓದಿ, ಆಮೇಲೆ ತಟ್ಟೆ ಲೋಟಗಳ ನಡುವೆ ಬೆಳೆದವರು. ಆದರೆ ನಾಣ್ಯವನ್ನು ಕೈಯಲ್ಲಿ ಹಿಡಿದು ಅದು ಸಾಚಾವೋ ಖೋಟಾವೋ ಎಂದು ಗುರುತಿಸುವ ಕೆಲಸ ಗಲ್ಲೆಯ ಹತ್ತಿರ ನಿಂತವನಿಗೆ ಗೊತ್ತಿಲ್ಲದೆ ಇಲ್ಲ.

ಮೊದಲು ಹೆಸರಿನ ಮಾತು. ಹೋಟೆಲಿನಲ್ಲಿ ನಮಗೆ ತಂದೆತಾಯಿ ಇಟ್ಟ ಹೆಸರು ಉಳಿಯುವುದಿಲ್ಲ. ಊರಿನಿಂದ ಬಂದ ಮೊದಲ ದಿನ ‘ಮಾಣಿ’. ಗಿರಾಕಿಯ ಬಾಯಲ್ಲಿ ನಾವೆಲ್ಲರೂ ‘ಅಣ್ಣಾ’. ಇಪ್ಪತ್ತು ವರುಷದವನೂ ಅಣ್ಣಾ, ಅರುವತ್ತು ವರುಷದವನೂ ಅಣ್ಣಾ. ಕುಳ್ಳಗಿದ್ದರೆ ‘ಬುಟಕ್ಯಾ’, ಕಪ್ಪಗಿದ್ದರೆ ‘ಕಾಳ್ಯಾ’. ಗಿರಣಿಯಲ್ಲಿ ದುಡಿದ ಹಿರಿಯರನ್ನು ಕೇಳಿದರೆ ಅಲ್ಲಿ ಮನುಷ್ಯನಿಗಿಂತ ನಂಬರು ಮುಂದಿತ್ತು ಎನ್ನುತ್ತಾರೆ. ಹೀಗೆ ಅಡ್ಡಹೆಸರು ಎಂದರೆ ಏನೆಂಬುದು ನಮಗೆ ಚೆನ್ನಾಗಿ ಗೊತ್ತು.

ದೊರೆಗಳಿಗೂ ಅಡ್ಡಹೆಸರುಗಳಿದ್ದವು. ಅವುಗಳಲ್ಲಿ ಎರಡು ಬಗೆ. ದೊರೆಯು ತಾನೇ ಧರಿಸಿದ್ದು ಒಂದು. ಅದಕ್ಕೆ ಬಿರುದು ಎನ್ನುತ್ತಾರೆ. ಜನರು ಅವನಿಗೆ ಇಟ್ಟದ್ದು ಇನ್ನೊಂದು. ಟಂಕಸಾಲೆಯು ದೊರೆಯ ಕೈಯಲ್ಲಿದ್ದುದರಿಂದ ಬಿರುದು ನಾಣ್ಯದ ಮೇಲೆ ಬಂತು. ಜನರಿಟ್ಟ ಹೆಸರಿಗೆ ಟಂಕಸಾಲೆ ಇಲ್ಲ; ಅದು ಬಾಯಿಂದ ಬಾಯಿಗೆ ಚಲಾವಣೆಯಾಗಿ ಬಂತು. ಹಳೆಯ ನಾಣ್ಯ ಕೂಡಿಸುವವನು ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಬೇಕು. ಆಗ ದೊರೆ ತನ್ನ ವಿಷಯ ಏನು ಹೇಳಿಕೊಂಡ, ಜನ ಅವನ ವಿಷಯ ಏನು ಹೇಳಿದರು ಎಂಬುದು ಒಟ್ಟಿಗೆ ತಿಳಿಯುತ್ತದೆ. ನಮ್ಮ ಈ ಹೊತ್ತಿನ ಮಾತಿನ ತಿರುಳು ಇಷ್ಟೇ.

ನಾವು ಕುಳಿತಿರುವ ಈ ಸ್ಥಳದಿಂದಲೇ ಆರಂಭಿಸೋಣ. ಶಿವಾಜಿನಗರಕ್ಕೆ ಹಿಂದೆ ಭಾಂಬುರ್ಡೆ ಎಂದು ಹೆಸರು. ಇಲ್ಲಿಯೇ ಜಂಗಲಿ ಮಹಾರಾಜ ರಸ್ತೆಯಲ್ಲಿ ಪಾತಾಳೇಶ್ವರದ ಗುಹಾಲಯವಿದೆ. ಎಷ್ಟೋ ಸಲ ಮಧ್ಯಾಹ್ನದ ಬಿಡುವಿನಲ್ಲಿ ನಮ್ಮ ಹುಡುಗರು ಅಲ್ಲಿ ನೆರಳಿಗೆ ಕುಳಿತಿರುತ್ತಾರೆ. ಅದು ಎಂಟನೇ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಕನ್ನಡ ನಾಡಿನ ಆ ಅರಸರ ಪೈಕಿ ಒಂದನೆಯ ಕೃಷ್ಣನ ೭೫೮ ಮತ್ತು ೭೬೮ನೆಯ ಇಸವಿಯ ತಾಮ್ರಪಟಗಳಲ್ಲಿ ಈ ಪುಣೆಯ ಸೀಮೆಯ ಹೆಸರು ಬಂದಿದೆ. ಆ ಕೃಷ್ಣನಿಗೆ ‘ಶುಭತುಂಗ’, ‘ಅಕಾಲವರ್ಷ’ ಎಂಬ ಬಿರುದುಗಳಿದ್ದವು. ನಾವು ಹೊಟ್ಟೆಪಾಡಿಗೆ ಬಂದ ಈ ಊರಿಗೂ ನಮ್ಮ ನಾಡಿಗೂ ನಂಟು ಹೊಸದಲ್ಲ ಎಂದು ಇದರಿಂದ ತಿಳಿಯಬೇಕು. ಹಾಗೆಂದು ಇಲ್ಲಿಯವರ ಮುಂದೆ ಜಂಬ ಕೊಚ್ಚಲು ಇದನ್ನು ಹೇಳುತ್ತಿಲ್ಲ. ಅನ್ನ ಕೊಟ್ಟ ಊರಿನ ನಾಣ್ಯವನ್ನು ಮೊದಲು ತಿಳಿಯುವುದು ಮರ್ಯಾದೆ.

ಆ ನಾಣ್ಯವೇ ಶಿವರಾಯಿ. ೧೬೭೪ರಲ್ಲಿ ರಾಯಗಡದಲ್ಲಿ ಶಿವಾಜಿ ಮಹಾರಾಜರಿಗೆ ಪಟ್ಟಾಭಿಷೇಕವಾಯಿತು. ಅವರ ತಾಮ್ರದ ನಾಣ್ಯದ ಒಂದು ಮಗ್ಗುಲಲ್ಲಿ ‘ಶ್ರೀ ರಾಜಾ ಶಿವ’ ಎಂದೂ ಇನ್ನೊಂದು ಮಗ್ಗುಲಲ್ಲಿ ‘ಛತ್ರಪತಿ’ ಎಂದೂ ನಾಗರಿ ಅಕ್ಷರಗಳಿವೆ. ಸುತ್ತಮುತ್ತಲಿನ ನಾಣ್ಯಗಳೆಲ್ಲ ಪಾರಸಿ ಅಕ್ಷರಗಳನ್ನು ಹೊತ್ತಿದ್ದ ಕಾಲದಲ್ಲಿ ರೈತನು ತನ್ನ ಭಾಷೆಯ ಅಕ್ಷರವನ್ನು ದುಡ್ಡಿನ ಮೇಲೆ ಕಂಡನು. ಇಂದು ನಾವು ಛತ್ರಪತಿ ಎಂದರೆ ಸಾಕು, ಹೆಸರು ಹೇಳಬೇಕಾಗಿಲ್ಲ, ಬಿರುದೇ ಹೆಸರಾಗಿದೆ.

ಇಲ್ಲಿ ಕೂಡಿಸುವವರು ತಿಳಿಯಬೇಕಾದ ಒಂದು ಅಂಶವಿದೆ. ‘ಶ್ರೀ ರಾಜಾ ಶಿವ’ ಎಂದು ಬರೆದ ನಾಣ್ಯಗಳೆಲ್ಲ ಶಿವಾಜಿ ಮಹಾರಾಜರ ಜೀವಮಾನದವಲ್ಲ. ಅವರು ೧೬೮೦ರಲ್ಲಿ ತೀರಿಕೊಂಡ ಮೇಲೂ, ಪೇಶವೆಯರ ಕಾಲದಲ್ಲಿಯೂ, ಅದೇ ಮಾತನ್ನು ಅಚ್ಚು ಹಾಕುತ್ತ ಬಂದರು. ಸಾಲುಗಳ ನಡುವೆ ಜೋಡುಗೆರೆಯಿರುವುದನ್ನು ಇಲ್ಲಿಯವರು ‘ದುದಾಂಡಿ ಶಿವರಾಯಿ’ ಎನ್ನುತ್ತಾರೆ, ಅದು ಈಚಿನದು. ಆದ್ದರಿಂದ ಪೇಟೆಯಲ್ಲಿ ಯಾರಾದರೂ ‘ಇದು ಮಹಾರಾಜರು ಸ್ವತಃ ಮುಟ್ಟಿದ ದುಡ್ಡು’ ಎಂದು ಹೆಚ್ಚಿನ ಬೆಲೆ ಕೇಳಿದರೆ ಸುಮ್ಮನೆ ನಕ್ಕು ಮುಂದೆ ನಡೆಯಿರಿ. ಸಾಧಾರಣ ಶಿವರಾಯಿ ಇಂದಿಗೂ ಒಂದೆರಡು ಊಟದ ಬೆಲೆಗೆ ದೊರೆಯುತ್ತದೆ.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಬಿರುದನ್ನೇ ನಾಣ್ಯದ ಮೇಲೆ ಬರೆಸಿದವರಲ್ಲಿ ಹೊಯ್ಸಳ ವಿಷ್ಣುವರ್ಧನನ ಹೆಸರು ಮೊದಲು ಹೇಳಬೇಕು. ೧೧೧೬ರ ಸುಮಾರಿಗೆ ಅವನು ಚೋಳರಿಂದ ತಲಕಾಡನ್ನು ಗೆದ್ದನು. ಅವನ ಚಿನ್ನದ ನಾಣ್ಯದ ಒಂದು ಮಗ್ಗುಲಲ್ಲಿ ಸಿಂಹದ ಆಕೃತಿ, ಇನ್ನೊಂದು ಮಗ್ಗುಲಲ್ಲಿ ಕನ್ನಡ ಅಕ್ಷರದಲ್ಲಿ ‘ಶ್ರೀ ತಲಕಾಡುಗೊಂಡ’. ತಲಕಾಡನ್ನು ಕೊಂಡವನು, ಎಂದರೆ ಗೆದ್ದವನು ಎಂದು ಅರ್ಥ. ಇನ್ನೊಂದು ನಾಣ್ಯದಲ್ಲಿ ‘ಶ್ರೀ ನೊಣಂಬವಾಡಿಗೊಂಡ’ ಎಂದಿದೆ. ಗಮನಿಸಿರಿ: ನಾಣ್ಯದ ಮೇಲೆ ವಿಷ್ಣುವರ್ಧನ ಎಂಬ ಹೆಸರಿಲ್ಲ, ಮಾಡಿದ ಕೆಲಸವೇ ಹೆಸರಾಗಿದೆ. ನಾಲ್ಕು ಗ್ರಾಮಿನ ಒಂದು ಬಿಲ್ಲೆಯು ಅಂದಿನ ವರ್ತಮಾನಪತ್ರದಂತೆ ಊರೂರಿಗೆ ಸುದ್ದಿ ಹೊತ್ತುಕೊಂಡು ಹೋಯಿತು. ಎಂಟುನೂರು, ಒಂಬೈನೂರು ವರ್ಷದ ಹಿಂದಿನ ಕನ್ನಡ ಅಕ್ಷರ ಚಿನ್ನದ ಮೇಲೆ ಕುಳಿತಿರುವುದನ್ನು ಚಿತ್ರದಲ್ಲಿ ಕಂಡರೂ ನಮ್ಮಂಥವರಿಗೆ ಮೈ ನವಿರೇಳುತ್ತದೆ.

ವಿಜಯನಗರದ ಇಮ್ಮಡಿ ದೇವರಾಯನು ೧೪೨೪ರಿಂದ ೧೪೪೬ರ ತನಕ ಆಳಿದನು. ಶಾಸನಗಳಲ್ಲಿ ಅವನಿಗೆ ‘ಗಜಬೇಂಟೆಕಾರ’ ಎಂಬ ಬಿರುದಿದೆ. ಆನೆಯ ಬೇಟೆಗಾರ ಎಂದು ಅರ್ಥ. ಅವನ ತಾಮ್ರದ ನಾಣ್ಯಗಳ ಮೇಲೆ ಆನೆಯ ಚಿತ್ರವಿದ್ದು ‘ರಾಯ ಗಜಗಂಡಭೇರುಂಡ’ ಎಂಬ ಬರಹ ಸಿಗುತ್ತದೆ. ಶತ್ರುರಾಜರೆಂಬ ಆನೆಗಳಿಗೆ ತಾನು ಗಂಡಭೇರುಂಡ ಪಕ್ಷಿ ಎಂದು ಅವನ ಮಾತು. ೧೪೪೩ರಲ್ಲಿ ಪರ್ಷಿಯಾದಿಂದ ಬಂದ ಅಬ್ದುಲ್ ರಜಾಕನು ವಿಜಯನಗರದ ನಾಣ್ಯಗಳ ಲೆಕ್ಕವನ್ನು ಬರೆದಿಟ್ಟಿದ್ದಾನೆ: ವರಹ, ಅದರ ಅರ್ಧ ಪ್ರತಾಪ, ಪ್ರತಾಪದ ಹತ್ತನೇ ಒಂದು ಹಣ. ಇವುಗಳಲ್ಲಿ ಹಣವೇ ಹೆಚ್ಚು ಉಪಯೋಗದ್ದು ಎಂದೂ ಹೇಳಿದ್ದಾನೆ. ದೊಡ್ಡವರ ವ್ಯವಹಾರ ವರಹದಲ್ಲಿ ನಡೆದರೂ ಸಂತೆಯ ವ್ಯವಹಾರ ಚಿಲ್ಲರೆಯಲ್ಲಿಯೇ ನಡೆಯುತ್ತದೆ ಎಂಬುದು ನಮಗೆ ಯಾರೂ ಕಲಿಸಬೇಕಾದ್ದಲ್ಲ.

ಇವರಿಬ್ಬರಿಗಿಂತ ಹಿಂದಿನ ಒಬ್ಬ ದೊರೆಯ ಸಂಗತಿ ನಮಗೆ ಬಹಳ ಪ್ರಿಯವಾದುದು. ಬಾದಾಮಿಯ ಇಮ್ಮಡಿ ಪುಲಕೇಶಿಗೆ ಒಬ್ಬ ತಮ್ಮನಿದ್ದನು. ಏಳನೇ ಶತಮಾನದಲ್ಲಿ ಆಂಧ್ರದ ವೆಂಗಿಯಲ್ಲಿ ಆತ ಬೇರೊಂದು ರಾಜ್ಯವನ್ನೇ ಕಟ್ಟಿದನು. ಚರಿತ್ರೆಯಲ್ಲಿ ಆತನ ಹೆಸರು ಕುಬ್ಜ ವಿಷ್ಣುವರ್ಧನ. ಕುಬ್ಜನೆಂದರೆ ಗೂನುಬೆನ್ನಿನವನು. ಮೈಯ ಊನವನ್ನು ಹಿಡಿದು ಕರೆಯುವ ಚಾಳಿ ಅರಮನೆಯನ್ನೂ ಬಿಟ್ಟಿಲ್ಲ ನೋಡಿರಿ! ಆದರೆ ಅವನದೆಂದು ತಿಳಿದವರು ಹೇಳುವ ನಾಣ್ಯದ ಮೇಲೆ ಸಿಂಹದ ಚಿತ್ರವಿದೆ, ‘ವಿಷಮಸಿದ್ಧಿ’ ಎಂಬ ಮಾತಿದೆ. ಕಷ್ಟವಾದ ಎಡೆಯಲ್ಲಿಯೂ ಗೆದ್ದವನು ಎಂದು ಅದರ ಅರ್ಥ. ಜನ ಬೆನ್ನನ್ನು ನೋಡಿ ಹೆಸರಿಟ್ಟರು. ಅವನು ತಾನು ದಾಟಿ ಬಂದ ದಾರಿಯನ್ನು ನೋಡಿ ಹೆಸರಿಟ್ಟುಕೊಂಡನು. ನಮ್ಮಲ್ಲಿ ಯಾರನ್ನಾದರೂ ಕುಂಟ, ಕುಳ್ಳ ಎಂದು ಕೂಗುವ ಮೊದಲು ಈ ನಾಣ್ಯವನ್ನು ನೆನೆಸಿಕೊಳ್ಳಬೇಕು.

ಮೈಸೂರಿನ ಅರಸರಿಗೆ ಬರೋಣ. ‘ರಣಧೀರ’ ಎಂದು ಹೆಸರಾದ ಕಂಠೀರವ ನರಸರಾಜ ಒಡೆಯರು ೧೬೩೮ರಿಂದ ೧೬೫೯ರ ವರೆಗೆ ಆಳಿದರು. ತಿರುಚಿನಾಪಳ್ಳಿಗೆ ವೇಷ ಮರೆಸಿ ಹೋಗಿ ಅಲ್ಲಿಯ ಜಟ್ಟಿಯನ್ನು ಸೋಲಿಸಿದ ಅವರ ಕತೆಯನ್ನು ನಾಟಕದಲ್ಲಿ, ಸಿನಿಮಾದಲ್ಲಿ ತಾವೆಲ್ಲ ನೋಡಿದ್ದೀರಿ. ೧೬೪೫ರಲ್ಲಿ ಶ್ರೀರಂಗಪಟ್ಟಣದಲ್ಲಿ ಅವರು ಟಂಕಸಾಲೆ ತೆರೆದರು. ಅಲ್ಲಿ ಬಂದುದು ನರಸಿಂಹಸ್ವಾಮಿಯ ಚಿತ್ರವಿದ್ದ ‘ಕಂಠೀರಾಯ ಹಣ’. ಚಿನ್ನದ ಈ ಹಣವು ಒಂದು ಗ್ರಾಮಿನ ಮೂರನೇ ಒಂದು ಪಾಲಿನಷ್ಟು ಮಾತ್ರ. ಉಗುರಿನ ಮೇಲೆ ಇಟ್ಟರೆ ಉಸಿರಿಗೆ ಹಾರಿಹೋದೀತು. ಅಂಥ ಹತ್ತು ಹಣ ಸೇರಿದರೆ ಲೆಕ್ಕಕ್ಕೆ ಒಂದು ಕಂಠೀರಾಯ ವರಹ. ನೂರೈವತ್ತು ವರ್ಷದ ಮೇಲೆ ದಿವಾನ್ ಪೂರ್ಣಯ್ಯನವರ ಕಾಲದಲ್ಲಿ ಇದೇ ಹೆಸರಿನ ಹಣವನ್ನು ಮತ್ತೆ ಹಾಕಿಸಿದರು. ಜನರಿಗೆ ಒಮ್ಮೆ ನಂಬಿಕೆ ಬಂದ ನಾಣ್ಯದ ಹೆಸರನ್ನು ಬದಲಾಯಿಸಲು ಆಳುವವರು ಹಿಂಜರಿಯುತ್ತಾರೆ.

ಹೈದರಾಲಿಯೂ ಈ ಗುಟ್ಟನ್ನು ಬಲ್ಲವನು. ೧೭೬೩ರಲ್ಲಿ ಬಿದನೂರನ್ನು ಗೆದ್ದ ಮೇಲೆ ಅವನು ಹಾಕಿಸಿದ ‘ಬಹಾದುರಿ’ ಹೊನ್ನಿನ ಒಂದು ಮಗ್ಗುಲಲ್ಲಿ ಇಕ್ಕೇರಿಯವರ ಕಾಲದಂತೆ ಶಿವಪಾರ್ವತಿಯರನ್ನೇ ಉಳಿಸಿ, ಇನ್ನೊಂದು ಮಗ್ಗುಲಲ್ಲಿ ತನ್ನ ಹೆಸರಿನ ಮೊದಲ ಪಾರಸಿ ಅಕ್ಷರವನ್ನು ಮಾತ್ರ ಇಟ್ಟನು. ಇನ್ನು ಮಗ ಟೀಪು ಸುಲ್ತಾನ. ಲೋಕಕ್ಕೆಲ್ಲ ಅವನು ‘ಮೈಸೂರು ಹುಲಿ’. ಅವನ ತಾಮ್ರದ ದುಡ್ಡು ಹಿಡಿದು ನೋಡಿದರೆ ಅದರ ಮೇಲೆ ಹುಲಿಯಿಲ್ಲ, ಆನೆ ಇದೆ! ಅವನ ಪೈಸೆಗೆ ‘ಜೊಹರಾ’ ಎಂದು ಹೆಸರು, ಎಂದರೆ ಶುಕ್ರಗ್ರಹ. ಅರ್ಧ ಪೈಸೆಗೆ ‘ಬಹರಾಮ’, ಎಂದರೆ ಮಂಗಳ. ಕಾಲು ಪೈಸೆಗೆ ‘ಅಖ್ತರ’, ಎಂದರೆ ನಕ್ಷತ್ರ. ಅರೆಕಾಲು ಪೈಸೆಗೆ ‘ಕುತುಬ’, ಎಂದರೆ ಧ್ರುವ. ಮೌಲೂದಿ ಶಕೆಯ ನಾಣ್ಯಗಳಲ್ಲಿ ಇಸವಿಯ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನು ತಿಳಿಯದೆ ಎಷ್ಟೋ ಜನ ತಬ್ಬಿಬ್ಬಾಗುತ್ತಾರೆ. ಆಕಾಶದ ಗ್ರಹವನ್ನು ಬಡವನ ಕಾಸಿಗೆ ಹೆಸರಾಗಿ ಕೊಟ್ಟ ದೊರೆಯನ್ನು ನಾವು ಹುಲಿ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟರೆ ಅರ್ಧವನ್ನೂ ತಿಳಿದಂತಾಗದು.

‘ಮುಮ್ಮಡಿ’ ಎಂದರೆ ಸಾಕು, ಮೈಸೂರು ಸೀಮೆಯವರು ಮೂರನೆಯ ಕೃಷ್ಣರಾಜ ಒಡೆಯರನ್ನು ತಿಳಿಯುತ್ತಾರೆ. ಅವರ ತಾಮ್ರದ ಕಾಸಿನ ಮೇಲೆ ‘ಮಯಿಲಿ ಕಾಸು ೨೦’ ಎಂದು ಕನ್ನಡದಲ್ಲಿದೆ, ಇಂಗ್ಲಿಷಿನಲ್ಲಿಯೂ ಇದೆ. ಬೆಂಗಳೂರಿನ ಆ ಟಂಕಸಾಲೆಯನ್ನು ೧೮೪೩ರಲ್ಲಿ ಮುಚ್ಚಿದರು. ಕನ್ನಡ ಅಕ್ಷರದ ನಾಣ್ಯ ಬೇಕೆಂಬ ಬಡವನಿಗೆ ಇದೇ ತಕ್ಕದ್ದು. ಹೊಯ್ಸಳರ ಚಿನ್ನ ನಮ್ಮ ಕೈಗೆಟುಕದು, ಮುಮ್ಮಡಿಯವರ ತಾಮ್ರ ಎಟುಕುತ್ತದೆ.

ಇಷ್ಟು ಹೊತ್ತು ಹೆಚ್ಚಾಗಿ ಬಿರುದಿನ ಮಾತಾಯಿತು. ಇನ್ನು ಜನರಿಟ್ಟ ಹೆಸರುಗಳು. ಬಹಮನಿ ಸುಲ್ತಾನ ಅಹಮದ ಶಹಾ ೧೪೨೨ರಿಂದ ೧೪೩೬ರ ತನಕ ಆಳಿ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಿಗೆ ತಂದನು. ಬರಗಾಲದಲ್ಲಿ ಅವನು ಗುಡ್ಡವೇರಿ ಪ್ರಾರ್ಥಿಸಿದಾಗ ಮಳೆ ಬಂತೆಂದು ಜನ ಅವನನ್ನು ‘ವಲಿ’ ಎಂದರು. ಸಂತ ಎಂದು ಅರ್ಥ. ಬೀದರದ ಹತ್ತಿರ ಅಷ್ಟೂರಿನಲ್ಲಿ ಅವನ ಗೋರಿಯಿದೆ. ಅಲ್ಲಿಯ ಉರುಸಿಗೆ ಇಂದಿಗೂ ಹಿಂದೂ ಮುಸಲ್ಮಾನರಿಬ್ಬರೂ ಸೇರುತ್ತಾರೆ, ಲಿಂಗಾಯತರು ಅವನನ್ನು ಅಲ್ಲಮಪ್ರಭುವೆಂದೇ ನಂಬಿ ಕಾಯಿ ಒಡೆಯುತ್ತಾರೆ. ಬೀದರ ಕಡೆಯ ನಮ್ಮ ಬಂಧುಗಳಿಗೆ ಇದು ಗೊತ್ತಿರುವ ಮಾತು. ಅವನ ಮೊಮ್ಮಗ ಹುಮಾಯೂನನು ೧೪೫೮ರಿಂದ ೧೪೬೧ರ ತನಕ ಮೂರೇ ವರ್ಷ ಆಳಿದನು. ಜನ ಅವನನ್ನು ‘ಜಾಲಿಮ್’ ಎಂದರು, ಕ್ರೂರಿ. ಅವನ ನಾಣ್ಯದ ಮೇಲೆ ದೀನಕ್ಕೂ ದುನಿಯಕ್ಕೂ ತಾನು ಹಿರಿಮೆ ಎಂಬ ಅರ್ಥದ ದೊಡ್ಡ ಬಿರುದುಗಳಿವೆ, ಜಾಲಿಮ್ ಎಂಬ ಮಾತಿಲ್ಲ. ಇರುವುದು ಹೇಗೆ? ಆದರೂ ಐದುನೂರು ವರ್ಷದ ಮೇಲೆ ಉಳಿದದ್ದು ಯಾವ ಹೆಸರು? ಅಜ್ಜ ಮೊಮ್ಮಕ್ಕಳಿಬ್ಬರೂ ಒಂದೇ ಮನೆತನದವರು. ಜನರು ಮಾತ್ರ ಇಬ್ಬರಿಗೂ ಬೇರೆ ಬೇರೆ ಬೆಲೆ ಕಟ್ಟಿದರು.

ಚಿಕ್ಕದೇವರಾಜ ಒಡೆಯರನ್ನು ‘ನವಕೋಟಿ ನಾರಾಯಣ’ ಎಂದರು. ಬೊಕ್ಕಸದಲ್ಲಿ ಒಂಬತ್ತು ಕೋಟಿ ಕೂಡಿತ್ತಂತೆ. ಇಂದಿಗೂ ಹಳ್ಳಿಯಲ್ಲಿ ದೊಡ್ಡ ಸಾಹುಕಾರನನ್ನು ಹೀಗೆಯೇ ಕರೆಯುತ್ತಾರೆ. ಅದೇ ದೊರೆಯ ಕಾಲದಲ್ಲಿ ಕಂದಾಯದ ಭಾರಕ್ಕೆ ರೈತರು ನೇಗಿಲು ಕೆಳಗಿಟ್ಟು ದಂಗೆ ಎದ್ದರು ಎಂಬುದನ್ನೂ ಚರಿತ್ರೆಯಲ್ಲಿ ಓದುತ್ತೇವೆ. ಆದುದರಿಂದ ಈ ಅಡ್ಡಹೆಸರು ಹೊಗಳಿಕೆಯೋ ಮೂದಲಿಕೆಯೋ ಎಂದು ಕೇಳುವವನು ಒಂಬತ್ತು ಕೋಟಿ ಯಾರ ಬೆವರಿನಿಂದ ಬಂತೆಂದು ಮೊದಲು ಕೇಳಬೇಕು.

ಕಡೆಗೆ ಮಹಮ್ಮದ ಬಿನ್ ತುಘಲಕ್. ‘ಹುಚ್ಚು ತುಘಲಕ್’ ಎಂಬುದು ನಮ್ಮ ಬಾಯಲ್ಲಿ ಗಾದೆಯೇ ಆಗಿಹೋಗಿದೆ. ೧೩೨೭ರಲ್ಲಿ ದಿಲ್ಲಿಯಿಂದ ದೇವಗಿರಿಗೆ ರಾಜಧಾನಿ ತಂದವನು ಅವನೇ. ೧೩೨೯ರಿಂದ ಮೂರು ವರ್ಷ ಅವನು ಹಿತ್ತಾಳೆ ತಾಮ್ರದ ಟಂಕಗಳನ್ನು ಹಾಕಿಸಿ, ಇವನ್ನು ಬೆಳ್ಳಿಯ ಟಂಕದಂತೆಯೇ ಎಣಿಸತಕ್ಕದ್ದೆಂದು ಆಜ್ಞೆ ಮಾಡಿದನು. ಸುಲ್ತಾನನಿಗೆ ವಿಧೇಯನಾದವನು ದೇವರಿಗೂ ವಿಧೇಯನು ಎಂದು ಆ ನಾಣ್ಯದ ಮೇಲೆಯೇ ಬರೆಸಿದನು. ಈ ಯೋಚನೆಯಲ್ಲಿ ಹುಚ್ಚೇನು? ನಮ್ಮ ಹೋಟೆಲಿನಲ್ಲಿ ಗಿರಾಕಿ ದುಡ್ಡು ಕೊಟ್ಟು ಟೋಕನ್ ತೆಗೆದುಕೊಳ್ಳುತ್ತಾನೆ, ಟೋಕನ್ ಕೊಟ್ಟರೆ ಇಡ್ಲಿ ಬರುತ್ತದೆ. ಟೋಕನ್ನಿಗೆ ಸ್ವಂತ ಬೆಲೆಯಿಲ್ಲ, ಗಲ್ಲೆಯ ಮೇಲಿನ ನಂಬಿಕೆಯೇ ಅದರ ಬೆಲೆ. ಇಂದಿನ ನೋಟು ಕೂಡ ಹಾಗೆಯೇ. ತುಘಲಕನ ಟೋಕನ್ನು ಯಾರು ಬೇಕಾದರೂ ಮನೆಯಲ್ಲಿ ಮಾಡಿಕೊಳ್ಳುವಂತಿತ್ತು, ಅಲ್ಲಿಯೇ ಕೆಟ್ಟಿತು. ಮನೆಮನೆಯೂ ಟಂಕಸಾಲೆಯಾಯಿತೆಂದು ಅಂದಿನ ಚರಿತ್ರಕಾರ ಬರನಿ ಬರೆದಿದ್ದಾನೆ. ಖೋಟಾ ಟಂಕದಲ್ಲಿಯೇ ಕಂದಾಯ ಕಟ್ಟಿದರು, ವ್ಯಾಪಾರ ನಿಂತಿತು. ಕಡೆಗೆ ಸುಲ್ತಾನನು ತಾಮ್ರ ತಂದವರಿಗೆಲ್ಲ ಬೊಕ್ಕಸದಿಂದ ಬೆಳ್ಳಿಬಂಗಾರ ಕೊಟ್ಟು ಅದನ್ನು ಹಿಂತೆಗೆದುಕೊಂಡನು. ಕೊಟ್ಟ ಮಾತಿಗೆ ನಷ್ಟ ಹೊತ್ತನೆಂಬುದನ್ನು ಗಾದೆ ಹೇಳುವುದಿಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಎಡ್ವರ್ಡ್ ಥಾಮಸ್ ಎಂಬ ನಾಣ್ಯಪಂಡಿತನು ಇದೇ ತುಘಲಕನನ್ನು ನಾಣ್ಯ ಹಾಕಿಸಿದವರಲ್ಲಿ ರಾಜಕುಮಾರ ಎಂದು ಕರೆದನು. ನಾಣ್ಯ ಸುಳ್ಳು ಹೇಳಬಹುದು, ಅಡ್ಡಹೆಸರೂ ಅರ್ಧ ಸತ್ಯ ಹೇಳಬಹುದು. ಎರಡನ್ನೂ ಒರೆಗೆ ಹಚ್ಚಬೇಕು.

ಇನ್ನು ಕೂಡಿಸುವ ಬಗೆಯನ್ನು ಹೇಳುತ್ತೇವೆ. ಹೊಳೆ ದಾಟಿದರೆ ಮಂಗಳವಾರ ಪೇಟೆಯ ಕಡೆ ಬುಧವಾರ, ರವಿವಾರ ಕೂಡುವ ಜುನಾ ಬಜಾರದ ಹೆಸರು ತಮಗೆಲ್ಲ ಗೊತ್ತು. ಅಲ್ಲಿ ಹಳೆಯ ಬೀಗ, ಹಿತ್ತಾಳೆ ದೀಪಗಳ ನಡುವೆ ನಾಣ್ಯಗಳೂ ಇರುತ್ತವೆ. ಆದರೆ ಕೊಳ್ಳುವ ಮೊದಲು ನಿಮ್ಮ ಊರಿನ ಮನೆಯಲ್ಲಿ ನೋಡಿರಿ. ಅಜ್ಜಿಯ ಎಲೆಅಡಿಕೆ ಚೀಲದಲ್ಲಿ, ದೇವರ ಕೋಣೆಯ ಡಬ್ಬಿಯಲ್ಲಿ, ತೊಟ್ಟಿಲ ಕಟ್ಟಿನಲ್ಲಿ ಒಂದೆರಡು ಹಳೆಯ ಕಾಸು ಇರದ ಮನೆ ಕಡಿಮೆ. ಒಟ್ಟೆ ಮುಕ್ಕಾಲಿಗೂ ಬೆಲೆಯಿಲ್ಲ ಎಂದು ಬಿಸಾಡುವುದು ಬೇಡ.

ನಮ್ಮ ಹೋಟೆಲಿನವರಿಗೆ ಒಂದು ವಿಶೇಷ ಎಚ್ಚರಿಕೆ. ತಾಮ್ರದ ಹಂಡೆ ಕಂಡರೆ ಹುಣಸೆಹಣ್ಣು ತೆಗೆದುಕೊಂಡು ತಿಕ್ಕುವುದು ನಮ್ಮ ಕೈಗೆ ಹತ್ತಿದ ಚಟ. ನಾಣ್ಯಕ್ಕೆ ಹುಣಸೆಹಣ್ಣು, ಬೂದಿ, ನಿಂಬೆಹುಳಿ ಯಾವುದನ್ನೂ ಹಚ್ಚಬಾರದು. ನೂರಾರು ವರ್ಷ ಕೂತ ಆ ಕಂದುಬಣ್ಣವೇ ಲೋಹವನ್ನು ಕಾಯುತ್ತದೆ. ತಿಕ್ಕಿದರೆ ಅಕ್ಷರವೂ ಸವೆಯುತ್ತದೆ, ಬೆಲೆಯೂ ಇಳಿಯುತ್ತದೆ. ಅಂಚಿನಲ್ಲಿ ಹಿಡಿಯಿರಿ. ಒಂದೊಂದನ್ನು ಒಂದೊಂದು ಕಾಗದದ ಲಕೋಟೆಯಲ್ಲಿಡಿರಿ. ಎಲ್ಲಿ ಸಿಕ್ಕಿತು, ಯಾರು ಕೊಟ್ಟರು ಎಂದು ಮೇಲೆ ಬರೆಯಿರಿ. ಬಿರುದೊಂದನ್ನೇ ಓದಿ ಇಂಥ ದೊರೆಯದೆಂದು ತೀರ್ಮಾನಿಸಬೇಡಿರಿ. ಕಲ್ಯಾಣದ ಚಾಲುಕ್ಯರಲ್ಲಿ ‘ಜಗದೇಕಮಲ್ಲ’ ಎಂಬ ಬಿರುದಿನವರು ಒಬ್ಬರಿಗಿಂತ ಹೆಚ್ಚು ಆಗಿಹೋದರು, ಮೊದಲ ಇಬ್ಬರ ನಡುವೆ ಸುಮಾರು ನೂರು ವರ್ಷದ ಅಂತರ. ತೂಕ, ಅಕ್ಷರದ ರೂಪ, ಸಿಕ್ಕ ಸ್ಥಳ ಇವನ್ನು ಕೂಡಿಸಿ ನೋಡಬೇಕು. ಸಂಶಯ ಬಂದಾಗ ಕೇಳಲು ಇಲ್ಲಿಯೇ ಸದಾಶಿವ ಪೇಟೆಯಲ್ಲಿ ೧೯೧೦ರಲ್ಲಿ ಸ್ಥಾಪನೆಯಾದ ಭಾರತ ಇತಿಹಾಸ ಸಂಶೋಧಕ ಮಂಡಳವಿದೆ. ಕರ್ನಾಟಕದ ನಾಣ್ಯಗಳ ಮೇಲೆ ಎ. ವಿ. ನರಸಿಂಹಮೂರ್ತಿಯವರು ೧೯೭೫ರಲ್ಲಿ ಪ್ರಕಟಿಸಿದ ಗ್ರಂಥವನ್ನು ಓದಬಲ್ಲವರು ಓದಿ ಉಳಿದವರಿಗೆ ಹೇಳಬೇಕು.

ಕಾನೂನನ್ನೂ ತಿಳಿದಿರಬೇಕು. ನೆಲದಲ್ಲಿ ಹೂತಿದ್ದ ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ೧೮೭೮ರ ಕಾಯಿದೆಯಂತೆ ಜಿಲ್ಲಾಧಿಕಾರಿಗೆ ತಿಳಿಸತಕ್ಕದ್ದು. ೧೯೭೨ರ ಕಾಯಿದೆಯಂತೆ ನೂರು ವರ್ಷ ಮೀರಿದ ನಾಣ್ಯವನ್ನು ಪರದೇಶಕ್ಕೆ ಒಯ್ಯುವಂತಿಲ್ಲ. ದುಬಾಯಿಗೆ ಕೆಲಸಕ್ಕೆ ಹೋಗುವ ಹುಡುಗರು ಇದನ್ನು ನೆನಪಿನಲ್ಲಿಡಬೇಕು.

ಇದಕ್ಕಿಂತ ಮುಖ್ಯವಾದುದು ಮೋಸದ ಮಾತು. ‘ಪಾಯ ಅಗೆಯುವಾಗ ಚಿನ್ನದ ನಾಣ್ಯದ ಕೊಡ ಸಿಕ್ಕಿದೆ, ಪೋಲೀಸರ ಭಯ, ಅರ್ಧ ಬೆಲೆಗೆ ಕೊಡುತ್ತೇವೆ’ ಎಂದು ನಮ್ಮಂಥವರ ಹತ್ತಿರವೇ ಬರುತ್ತಾರೆ. ಮೊದಲು ಒಂದು ನಾಣ್ಯ ಕೊಟ್ಟು ಅಕ್ಕಸಾಲಿಗನಲ್ಲಿ ತೋರಿಸಿ ಬನ್ನಿ ಎನ್ನುತ್ತಾರೆ. ಅದು ನಿಜವಾದ ಚಿನ್ನವೇ. ಆಮೇಲೆ ಗಂಟು ತುಂಬ ಕೊಡುವುದು ಹಿತ್ತಾಳೆ. ನಮ್ಮ ಗೆಳೆಯರೊಬ್ಬರು ತಂಗಿಯ ಮದುವೆಗೆಂದು ಆರು ವರ್ಷ ಕೂಡಿಟ್ಟ ದುಡ್ಡನ್ನು ಹೀಗೆ ಒಂದೇ ಸಂಜೆಯಲ್ಲಿ ಕಳೆದುಕೊಂಡರು. ನಾಚಿಕೆಯಿಂದ ಮೂರು ತಿಂಗಳು ಯಾರಿಗೂ ಹೇಳಲಿಲ್ಲ. ನಾಚಿಕೊಳ್ಳಬೇಕಾದವನು ಮೋಸ ಮಾಡಿದವನು, ಅವರಲ್ಲ. ಇನ್ನೊಂದು ಬಗೆ, ಹಳೆಯ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ತೆರಿಗೆ ಕಟ್ಟಿರಿ ಎಂದು ಮೊಬೈಲಿಗೆ ಬರುವ ಸಂದೇಶ. ರಿಜರ್ವ್ ಬ್ಯಾಂಕು ತನ್ನ ಹೆಸರಿನಲ್ಲಿ ನಡೆಯುವ ಇಂಥ ಮೋಸಗಳ ವಿಷಯ ೨೦೨೧ರ ಆಗಸ್ಟಿನಲ್ಲಿಯೇ ಎಚ್ಚರಿಕೆ ಕೊಟ್ಟಿದೆ. ಹಳೆಯ ನಾಣ್ಯದಿಂದ ಶ್ರೀಮಂತರಾಗುತ್ತೇವೆಂಬ ಆಸೆ ಇರುವವರು ಈ ಹವ್ಯಾಸಕ್ಕೆ ಕೈ ಹಾಕುವುದೇ ಬೇಡ. ಇದರಿಂದ ಬರುವುದು ತಿಳಿವಳಿಕೆ. ಅದೂ ಸಣ್ಣ ಸಂಪತ್ತಲ್ಲ.

ಬಂಧುಗಳೇ, ಕೊನೆಯದಾಗಿ ಒಂದು ಸೂಚನೆಯನ್ನು ಸಭೆಯ ಮುಂದಿಡುತ್ತೇವೆ. ಒಬ್ಬೊಬ್ಬರೇ ಕೂಡಿಸಿದರೆ ಖೋಲಿ ಬದಲಾಯಿಸುವಾಗ ಕಳೆದುಹೋಗುತ್ತದೆ, ಕಷ್ಟ ಬಂದಾಗ ಮಾರಿಹೋಗುತ್ತದೆ. ಆದುದರಿಂದ ಸಂಘದ ಕಚೇರಿಯಲ್ಲಿ ಒಂದು ನಾಣ್ಯದ ಪೆಟ್ಟಿಗೆಯನ್ನು ಇಡೋಣ. ಊರಿಗೆ ಹೋದವರು ಕೊಂಡು ತರಬೇಕಾಗಿಲ್ಲ. ಮನೆಯವರು ಸಂತೋಷದಿಂದ ಕೊಟ್ಟದ್ದನ್ನು ತಂದರೆ ಸಾಕು. ಕೆಲಸಗಾರರ ಮಕ್ಕಳು ತಿಂಗಳಿಗೊಮ್ಮೆ ಬಂದು ನೋಡಲಿ, ಕಾಸಿನ ಮೇಲಿನ ಕನ್ನಡ ಅಕ್ಷರವನ್ನು ಬೆರಳಿಟ್ಟು ಓದಲಿ. ಪುಣೆಯ ಶಾಲೆಯಲ್ಲಿ ಮರಾಠಿ ಓದುವ ಮಗು ಶಿವರಾಯಿಯನ್ನು ತಾನೇ ಓದಿ, ಮಯಿಲಿ ಕಾಸನ್ನು ತಂದೆಯಿಂದ ಓದಿಸಿಕೊಳ್ಳಲಿ.

ಪೆಟ್ಟಿಗೆಯ ಜೊತೆಗೆ ಒಂದು ಪುಸ್ತಕವಿರಬೇಕು. ನಾಣ್ಯದ ವಿವರದ ಮುಂದೆ ಕೊಟ್ಟವರ ಪೂರ್ಣ ಹೆಸರು, ತಂದೆಯ ಹೆಸರು, ಊರು, ತಾಲೂಕು ಬರೆಯಬೇಕು. ಮಾಣಿ ಎಂದಾಗಲಿ ಅಣ್ಣಾ ಎಂದ���ಗಲಿ ಬರೆಯಕೂಡದು. ಇದು ಚಿಕ್ಕ ಮಾತಲ್ಲ. ನಮ್ಮ ಹಿರಿಯರೊಬ್ಬರು ಒಂದು ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ದುಡಿದರು. ಅಲ್ಲಿಯ ಪುಸ್ತಕದಲ್ಲಿ ಅವರ ಹೆಸರು ಬರೇ ‘ಅಪ್ಪು’. ಕೆಲಸ ಬಿಟ್ಟು ತಮಗೆ ಬರಬೇಕಾದ ದುಡ್ಡು ಕೇಳಿದಾಗ, ಕಾಗದದ ಮೇಲಿನ ಈ ಹೆಸರಿನವರು ನಮ್ಮಲ್ಲಿ ಇರಲೇ ಇಲ್ಲ ಎಂಬ ಉತ್ತರ ಬಂತು. ಊರಿನ ಶಾಲೆಯ ದಾಖಲೆ ತಂದು, ಜೊತೆಗೆ ದುಡಿದ ಏಳು ಜನರ ಸಾಕ್ಷಿ ಹೇಳಿಸಿ, ಸಂಘದವರು ಹದಿನಾಲ್ಕು ತಿಂಗಳು ಓಡಾಡಿದ ಮೇಲೆ ಅಪ್ಪು ಎಂಬವರು ಅವರೇ ಎಂದು ಸಿದ್ಧವಾಯಿತು. ಒಂದು ಬಿರುದಿಗೆ ಇಬ್ಬರು ಜಗದೇಕಮಲ್ಲರಿದ್ದರೆ ಪಂಡಿತರು ಚರ್ಚೆ ಮಾಡುತ್ತಾರೆ. ಒಂದು ಹೋಟೆಲಿನಲ್ಲಿ ಮೂವರು ಅಪ್ಪುಗಳಿದ್ದರೆ ಒಬ್ಬನ ಇಪ್ಪತ್ತೆರಡು ವರ್ಷವೇ ಹಾರಿಹೋಗುತ್ತದೆ.

ಆದ್ದರಿಂದ ನಾಳೆ ಕೆಲಸಕ್ಕೆ ಹೋದಾಗ ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು ಹೇಗಿದೆ ಎಂದು ನೋಡಿಕೊಳ್ಳಿರಿ. ಪ್ರಾವಿಡೆಂಟ್ ಫಂಡಿನ ಕಾಗದದಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ, ಆಧಾರದಲ್ಲಿ ಒಂದೇ ರೀತಿ ಇದೆಯೇ ಎಂದು ತಾಳೆ ನೋಡಿರಿ. ಇಲ್ಲದಿದ್ದರೆ ಸಂಘದ ಕಚೇರಿಗೆ ಬನ್ನಿರಿ, ಅರ್ಜಿ ನಾವು ಬರೆದುಕೊಡುತ್ತೇವೆ. ಗೆಳೆಯರು ಪ್ರೀತಿಯಿಂದ ಕರೆಯುವ ಹೆಸರು ಗೆಳೆಯರ ನಡುವೆ ಇರಲಿ, ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಕಾಗದದ ಮೇಲೆ ಮಾತ್ರ ತಂದೆತಾಯಿ ಇಟ್ಟ ಹೆಸರೇ ಇರತಕ್ಕದ್ದು.

ಮುಂದಿನ ರವಿವಾರ ಪೆಟ್ಟಿಗೆಯೂ ಪುಸ್ತಕವೂ ಸಿದ್ಧವಾಗಿರುತ್ತವೆ. ತಮ್ಮಲ್ಲಿ ಕಾಸಿದ್ದವರು ಕಾಸನ್ನು ತನ್ನಿರಿ, ಕಾಸಿಲ್ಲದವರು ಹಾಜರಿಯ ಚೀಟಿಯನ್ನು ತನ್ನಿರಿ.